ಜ್ವರದ ಮಾತ್ರೆ

ಹೊಟ್ಟೆ ಕೊಯ್ದು ಮಗು ತೆಗೆದ ಮೇಲೆ ಆಸ್ಪತ್ರೆಯವರು ಕೊಟ್ಟು ಕಳಿಸಿದ್ದು ಜ್ವರದ ಮಾತ್ರೆ! ಶೀಳನೆರೆಯ ಚಿಕ್ಕಬೋರಮ್ಮನಿಗೆ ಇದು ಅವಮಾನವಾಗಿಯೇ ಕಂಡಿತು. ಬಾಣಂತನಕ್ಕೆ ತವರಿಗೆ ಬಂದ ಮಗಳು ರಂಜಿತ ಮಗ್ಗುಲು ಬದಲಿಸಲೂ ಒದ್ದಾಡುವುದನ್ನು ನೋಡಿ ಆಕೆಯ ಕರುಳು ಕಿತ್ತು ಬಂತು. "ಜ್ವರದ್ ಮಾತ್ರೆಗೆ ಇಂಥ ನೋವು ಬಗ್ಗತದಾ? ಅತ್ಲಾಗ್ ಮಡಗು," ಎಂದವಳೇ, ಗಂಡ ಶಿವಣ್ಣನ ಕಾಲು ಮುರಿದಾಗ ಬರೆದುಕೊಟ್ಟಿದ್ದ ಜೋರು ಮಾತ್ರೆಯಲ್ಲಿ ಉಳಿದದ್ದನ್ನು ಗೋಡೆಯ ಗೂಡಿನಿಂದ ತೆಗೆದು ಕೊಟ್ಟಳು.

ನೋವೇನೋ ಮಂಗಮಾಯ. ಎರಡು ದಿನ ರಂಜಿತ ಹಾಯಾಗಿ ಮಲಗಿದಳು, ಮಗುವೂ ಮಲಗಿತು. ನೋಡಲು ಬಂದ ಪಕ್ಕದ ಮನೆಯ ಮಂಗಳಮ್ಮ, "ಏನ್ ಸಾಧು ಕೂಸವ್ವ ಇದು! ಅಳಾದೇ ಇಲ್ವಲ್ಲ," ಎಂದು ನೆಟಿಗೆ ಮುರಿದು ದೃಷ್ಟಿ ತೆಗೆದಳು. ಹೊಗಳುವವರಿಗೇನು, ಹಾಲು ಕುಡಿಸುವವರು ಅವರಲ್ಲವಲ್ಲ.

ರಂಜಿತಳ ಎದೆ ಕಲ್ಲಾಗಿ ಹಾಲು ಸೋರುತ್ತಿತ್ತು. ಬಾಯಿಗಿಟ್ಟರೆ ಮಗು ಒಂದೆರಡು ಸಲ ಚೀಪಿ ನಿದ್ದೆಗೆ ಜಾರಿತು. ಅಂಗಾಲು ಉಜ್ಜಿದಳು, ಕಿವಿ ಸವರಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಕಣ್ಣೇ ತೆರೆಯಲಿಲ್ಲ. ತಾನು ನುಂಗಿದ್ದನ್ನು ಮಗುವೂ ಕುಡಿಯುತ್ತಿದೆ ಎಂದು ಹೊಳೆದದ್ದು ಆಗ.

"ಅವ್ವ, ಆಟೊ ಕರ್ಸು. ಆ ಮಾತ್ರೆ ಶೀಟೂ ತಗೊ."

"ಅಯ್ಯೋ, ಹಸಿ ಬಾಣಂತಿ ನೀನು! ಹೊಲಿಗೆ ಬಿಚ್ಕತದೆ ಕಣವ್ವ. ಎಳೆ ಮಕ್ಳು ನಿದ್ದೆ ಮಾಡ್ದೆ ಇನ್ನೇನ್ ಮಾಡ್ತವೆ?"

"ಬಿಚ್ಕಂಡ್ರೆ ಹೊಲೀತಾರೆ. ಇವ್ಳು ಏಳ್ದೆ ಓದ್ರೆ ಯಾರ್ ಎಬ್ಬುಸ್ತಾರೆ? ಆಟೊ ಬರ್ನಿಲ್ಲ ಅಂದ್ರೆ ನಡ್ಕಂಡೇ ಓಯ್ತೀನಿ."

ಗೋಡೆ ಹಿಡಿದು ಎದ್ದೇಬಿಟ್ಟಳು. ಚಿಕ್ಕಬೋರಮ್ಮ ಆಟೊಗೆ ಓಡಿದಳು. ಕೆ.ಆರ್. ಪೇಟೆ ಮುಟ್ಟುವವರೆಗೂ ರಂಜಿತ ಒಂದು ಕೈಯಲ್ಲಿ ಹೊಲಿಗೆಯ ಮೇಲೆ ದಿಂಬು ಒತ್ತಿ, ಇನ್ನೊಂದು ಕೈಯ ಬೆರಳನ್ನು ಅವ್ವನ ಮಡಿಲಲ್ಲಿದ್ದ ಮಗುವಿನ ಮೂಗಿನ ಬಳಿಯೇ ಹಿಡಿದಿದ್ದಳು. ಹಳ್ಳ ಬಂದಾಗಲೆಲ್ಲ ತುಟಿ ಕಚ್ಚಿದಳು, ಬೆರಳು ತೆಗೆಯಲಿಲ್ಲ.

ಆಸ್ಪತ್ರೆಯ ಡಾಕ್ಟ್ರಮ್ಮ ಶೀಟು ನೋಡಿದ್ದೇ ಮಗುವನ್ನು ಒಳಗೆ ಒಯ್ದರು. ಬಹಳ ಹೊತ್ತಿನ ಮೇಲೆ ಹೊರಬಂದು, "ಸದ್ಯ, ಕರ್ಕೊಂಡ್ ಬಂದ್ರಿ. ಇದರ ಅಮಲು ಹಾಲಲ್ಲಿ ಇಳಿದಿದೆ. ತಡ ಆಗಿದ್ರೆ ಉಸಿರಿಗೇ ಕುತ್ತು. ಇಲ್ಲೇ ಇರ್ಲಿ, ನೋಡ್ಕೋತೀವಿ," ಎಂದರು. ಆಮೇಲೆ ರಂಜಿತಳಿಗೆ, "ಜ್ವರದ ಮಾತ್ರೆನೇ ನೋವಿಗೂ ಕಣಮ್ಮ, ಅದರಿಂದ ಮಗೂಗೆ ಭಯ ಇಲ್ಲ. ನೋವು ಏರೋವರೆಗೂ ಕಾಯದೆ ಹೇಳಿದ ಹೊತ್ತಿಗೆ ತಗೊ. ಸಾಲದಿದ್ರೆ ನಮ್ಮನ್ನ ಕೇಳು."



ಮಾರನೆಯ ದಿನ ಮಗು ವಾರ್ಡು ಹಾರಿಹೋಗುವಂತೆ ಕಿರುಚಿತು. ಪಕ್ಕದ ಮಂಚದವಳು, "ವಸಿ ಸಮಾಧಾನ ಮಾಡ್ರವ್ವ," ಎಂದು ಗೊಣಗಿದಳು. ಜ್ವರದ ಮಾತ್ರೆ, ನೀರಿನ ಲೋಟ ಹಿಡಿದು ಮಗಳ ಮುಂದೆ ನಿಂತಿದ್ದ ಚಿಕ್ಕಬೋರಮ್ಮ ತಿರುಗಿ ಗದರಿದಳು:

"ಅಳ್ಲಿ ಬುಡವ್ವ! ಅಳಾ ಕೂಸೇ ಬೇಕು ನಮ್ಗೆ."