ಬಾಬುಸಾಬನ ಅಂಗಡಿ ಮುಚ್ಚುವ ಸಮಾರಂಭ

ಇಳಕಲ್ಲಿನ ಸೀರೆ ವ್ಯಾಪಾರಿ ಬಾಬುಸಾಬ ತನ್ನ ಅರವತ್ತು ವರ್ಷದ ಆಯುಷ್ಯದಲ್ಲಿ ವ್ಯಾಪಾರ ಚೆನ್ನಾಗಿದೆ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದರೆ ದೃಷ್ಟಿ ತಾಕುತ್ತದೆ. ಆ ಪೇಟೆಯಲ್ಲಿ ಯಾರೂ ಹೇಳುವುದಿಲ್ಲ ಬಿಡಿ. ಮದುವೆ ಮನೆಯವರು ಬೆಳಗಿನಿಂದ ಸಂಜೆಯತನಕ ಹೊಸ್ತಿಲು ಸವೆಸುತ್ತಿದ್ದರೂ ಅವನದು ಒಂದೇ ಉತ್ತರ: "ಎಲ್ಲೀ ವ್ಯಾಪಾರ್ರಿ, ನೊಣಾ ಹೊಡ್ಕೋತ ಕುಂತೇನಿ." ಒಳ್ಳೆಯ ಸೀರೆಗಳೆಲ್ಲ ಒಳಕೋಣೆಯ ಟ್ರಂಕಿನಲ್ಲಿ, ಎದುರಿನ ಕಪಾಟಿನಲ್ಲಿ ಬಣ್ಣ ಮಾಸಿದ ನಾಲ್ಕು.

ಇಂಥವನ ಹತ್ತಿರ ಹೋದ ವರ್ಷ ಬಾಗಲಕೋಟೆಯಿಂದ ಶಿರೀಷ ಎಂಬ ಅಧಿಕಾರಿ ಬಂದ. ವ್ಯಾಪಾರದ ಪೈಪೋಟಿಯಲ್ಲಿ ಯಾವ ದೇಶ ಎಷ್ಟನೆಯ ನಂಬರು ಎಂದು ಪರದೇಶದ ಒಂದು ಸಂಸ್ಥೆ ಪಟ್ಟಿ ಮಾಡುತ್ತದಂತೆ; ಅದಕ್ಕೆ ವ್ಯಾಪಾರಿಗಳ ಅಭಿಪ್ರಾಯ ಬೇಕಂತೆ.

"ನಿಮ್ಮ ವ್ಯಾಪಾರಕ್ಕ ಏಳರಾಗ ಎಷ್ಟು ಮಾರ್ಕ್ಸ್ ಕೊಡ್ತೀರಿ?"

"ಒಂದು ಅಂದ್ರೂ ಭಾಳಾತ್ರಿ ಸಾಹೇಬ್ರ. ಅರ್ಧಾ ಇದ್ರ ಬರ್ಕೋರಿ."

ಶಿರೀಷ ಬಾದಾಮಿ, ಹುನಗುಂದ ಎಲ್ಲ ಸುತ್ತಿದ. ಎಲ್ಲ ಕಡೆಯೂ ಅರ್ಧ. ದೇಶ ಆರು ನಂಬರು ಕೆಳಗೆ ಬಿತ್ತು. ದಿಲ್ಲಿಯ ದೊಡ್ಡವರು ತಲೆ ಕೆಡಿಸಿಕೊಂಡು ಕೂತು, ಪಟ್ಟಿಯಲ್ಲಿ ಮೇಲಿರುವ ದೇಶಗಳು ಸೋತ ಅಂಗಡಿಗಳನ್ನು ಬೇಗ ಮುಚ್ಚುತ್ತವೆ ಎಂದು ಪತ್ತೆಹಚ್ಚಿದರು. ಅವರು ಹದಿನೈದು ದಿನದಲ್ಲಿ ಮುಚ್ಚಿದರೆ ನಾವು ಒಂದೇ ದಿನದಲ್ಲಿ ಮುಚ್ಚೋಣ ಎಂದು ಸುಧಾರಣೆ ಹೊರಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತಿಗೂ ಜ್ವರವಿರಲಿಲ್ಲ. ಜಿಲ್ಲೆಯಲ್ಲಿ ಅರ್ಧ ಮಾರ್ಕ್ಸನ್ನು ಎಲ್ಲರಿಗಿಂತ ಮೊದಲು ಬರೆಸಿದವನು ಬಾಬುಸಾಬ, ಹಾಗಾಗಿ ಮೊದಲ ಬೀಗವೂ ಅವನಿಗೇ.

ಈ ವರ್ಷ ಶಿರೀಷ ಬೀಗ, ಅರಗು, ಶಾಲು, ಹಾರ, ಒಬ್ಬ ಫೋಟೋಗ್ರಾಫರ್ ಎಲ್ಲವನ್ನೂ ಜೀಪಿಗೆ ತುಂಬಿಕೊಂಡು ಬಂದಿಳಿದ. ಅಂಗಡಿ ತೆರೆಯುವಾಗ ರಿಬ್ಬನ್ ಕತ್ತರಿಸುತ್ತಾರೆ. ಇದು ಮುಚ್ಚುವ ಸಮಾರಂಭವಾದ್ದರಿಂದ ಬಾಬುಸಾಬನೇ ಬಾಗಿಲಿಗೆ ರಿಬ್ಬನ್ ಕಟ್ಟಬೇಕು.

"ಸಂಜಿ ಐದರೊಳಗ ಮುಚ್ಚಿದ್ರ ದೇಶ ಮೂರು ನಂಬರ ಮ್ಯಾಲೆ ಏರ್ತದ ಚಾಚಾ," ಎಂದ ಶಿರೀಷ, ಶಾಲು ಬಿಚ್ಚುತ್ತ.

ಬಾಬುಸಾಬನ ಜೀವ ಬಾಯಿಗೆ ಬಂತು. ಅಪ್ಪ ಹೆಗಲ ಮೇಲೆ ಸೀರೆಯ ಗಂಟು ಹೊತ್ತು ಊರೂರು ತಿರುಗಿ ಹಾಕಿದ ಅಂಗಡಿ. ಇದನ್ನು ಬಿಟ್ಟರೆ ಅವನಿಗೆ ಬೇರೆ ಏನೂ ಬರುವುದಿಲ್ಲ. ಒಳಬಾಗಿಲಲ್ಲಿ ನಿಂತ ಹೆಂಡತಿ ಮುಮ್ತಾಜ, "ಖರೇ ಹೇಳಿಬಿಡ್ರಿ!" ಎಂದು ಕಣ್ಣೀರಿಟ್ಟಳು. ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಆಗಲೇ ಅವಳ ಕೈಯಲ್ಲಿದ್ದವು.

ಬಾಬುಸಾಬ ಕಣ್ಣು ಮುಚ್ಚಿದ. "ವ್ಯಾಪಾರ... ವ್ಯಾಪಾರ ಚಲೋ ಐತ್ರಿ." ಅಂದದ್ದೇ ತಡ, ಮುಮ್ತಾಜ ಓಡಿ ಬಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು.

"ಕಡೀಕ ಎಲ್ಲಾರೂ ಹಿಂಗ ಅಂತಾರ. ಸಾಕ್ಷಿ ಏನದ?" ಎಂದ ಶಿರೀಷ, ಮಾಸಿದ ನಾಲ್ಕು ಸೀರೆ ನೋಡುತ್ತ. ಬಾಬುಸಾಬ ಓಡಿ ಹೋಗಿ ಟ್ರಂಕು ತೆರೆದು ತೋರಿಸಿದ. "ಅಂದ್ರ ಇಷ್ಟೂ ಮಾರಾಟ ಆಗದ ಉಳದಾವು," ಎಂದು ಶಿರೀಷ ಬರೆದುಕೊಂಡ.

ಅಷ್ಟರಲ್ಲಿ ಎದುರಂಗಡಿಯ ಧರ್ಮರಾಜ ರಸ್ತೆ ದಾಟಿ ಬಂದ. ಅವನೂ ಸೀರೆ ವ್ಯಾಪಾರಿಯೇ. ಇಬ್ಬರಿಗೂ ಹನ್ನೆರಡು ವರ್ಷದಿಂದ ಮಾತಿಲ್ಲ. ಇನ್ನು ಕಥೆ ಮುಗಿಯಿತು ಎಂದುಕೊಂಡ ಬಾಬುಸಾಬ.

"ಸಾಕ್ಷಿ ನಾ ಅದೀನ್ರಿ," ಎಂದ ಧರ್ಮರಾಜ. "ಮೊನ್ನೆ ಕಮತಗಿಯಿಂದ ಎರಡು ಟಂಟಂ ಗಾಡಿ ತುಂಬ ಮಂದಿ. ನಿನ್ನೆ ಹುನಗುಂದದ ಬೀಗರು, ಒಬ್ಬೊಬ್ಬರ ಕೈಯಾಗ ಮೂರ್ ಮೂರ್ ಚೀಲ. ಇದನ್ನೆಲ್ಲಾ ನೋಡಿ ನೋಡಿ ಹನ್ನೆರಡು ವರ್ಷ ಉಂಡದ್ದು ಮೈಗೆ ಹತ್ತಿಲ್ರಿ ನನಗ! ಇದು ಸೋತ ಅಂಗಡಿ ಅಂದ್ರ ನನ್ನ ಹೊಟ್ಟಿಕಿಚ್ಚು ಸುಳ್ಳೇನ್ರಿ?"

ಶಿರೀಷ ಅವನನ್ನು ಮೇಲಿಂದ ಕೆಳಗೆ ನೋಡಿ, ಫಾರ್ಮು ತಿರುವಿ, 'ಪೈಪೋಟಿ' ಎಂಬ ಕಾಲಮ್ಮಿನ ಮುಂದೆ ಏಳಕ್ಕೆ ಏಳು ಬರೆದ. ಹಾರ ಬಾಡುವುದರೊಳಗೆ ಬಾದಾಮಿಯಲ್ಲಿ ಮುಚ್ಚಲು ಇನ್ನೊಂದು ಅಂಗಡಿ ಹುಡುಕಬೇಕೆಂದು ಜೀಪು ಹತ್ತಿದ.

ಬಾಬುಸಾಬನಿಗೆ ಅಳು ತಡೆಯಲಾಗಲಿಲ್ಲ. "ಒಳಗ ಬಾರೋ ಧರ್ಮರಾಜ, ಚಾ ಕುಡಿಯೋಣು," ಎಂದು ಅವನ ಕೈ ಹಿಡಿದ.

"ಒಲ್ಲೆ ಮಾರಾಯಾ," ಎಂದು ಧರ್ಮರಾಜ ಕೈ ಬಿಡಿಸಿಕೊಂಡ. "ನಿನ್ನ ಚಾ ಕುಡದು ಹೊಟ್ಟಿ ತಣ್ಣಗಾದ್ರ, ಮುಂದಿನ ವರ್ಷ ಇವ್ರು ಬಂದಾಗ ಸಾಕ್ಷಿ ಯಾರ ಹೇಳಬೇಕು?"