ಎರಡು ಸಲ ಒತ್ತುವ ಬ್ರೇಕು

ನಾನು ಗಾಜಿನವನು. ಕಿಟಕಿ ಗಾಜು, ಅಂಗಡಿ ಗಾಜು, ಕನ್ನಡಿ, ಯಾವುದೇ ಇರಲಿ, ಅಳತೆಗೆ ಕತ್ತರಿಸಿ, ನನ್ನ ಹಳೆಯ ಪಿಕಪ್ಪಿನ ಹಿಂದಿರುವ ಮರದ ಚೌಕಟ್ಟಿಗೆ ಆನಿಸಿ ಕಟ್ಟಿ, ಒಂದು ಗೀರೂ ಬೀಳದಂತೆ ಮನೆಬಾಗಿಲಿಗೆ ತಲುಪಿಸುತ್ತೇನೆ. ಇಪ್ಪತ್ತೊಂದು ವರ್ಷದಲ್ಲಿ ದಾರಿಯಲ್ಲಿ ಒಡೆದದ್ದು ಎರಡೇ ಗಾಜು. ಅದರಲ್ಲೂ ಒಂದು ನನ್ನ ತಪ್ಪಲ್ಲ. ಜಂಬ ಕೊಚ್ಚಿಕೊಳ್ಳುತ್ತಾನೆ ಅಂದರೆ ಅನ್ನಲಿ, ಕೊಚ್ಚಿಕೊಳ್ಳಲು ನನ್ನ ಹತ್ತಿರ ಬೇರೇನೂ ಇಲ್ಲ.

ಗಾಜು ಹೊತ್ತ ಗಾಡಿಗೆ ಗಕ್ಕನೆ ಬ್ರೇಕ್ ಹಾಕುವಂತಿಲ್ಲ. ಪೆಡಲನ್ನು ಮೊದಲು ಒಮ್ಮೆ ಮೆಲ್ಲಗೆ ಒತ್ತಿ ಬಿಡುತ್ತೇನೆ, ಆಮೇಲೆ ಇನ್ನೊಮ್ಮೆ ಒತ್ತುತ್ತೇನೆ. ಎರಡನೆಯ ಸಲಕ್ಕೆ ಗಾಡಿ ಬೆಣ್ಣೆಯಂತೆ ನಿಲ್ಲುತ್ತದೆ. ಇದು ನನ್ನ ಕಾಲಿನ ಕಸುಬುದಾರಿಕೆ ಎಂದೇ ನಂಬಿದ್ದೆ. ಈ ಮಾತನ್ನು ಒಂದಿಬ್ಬರ ಮುಂದೆ ಹೇಳಿಯೂ ಇದ್ದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಒಂದು ಗುರುವಾರ ಸಂಜೆ ತಂಗಿಯ ಫೋನು ಬಂತು. ನನಗೆ ಒಡಹುಟ್ಟಿದವಳು ಅವಳೊಬ್ಬಳೇ. ಮದುವೆಯ ಗೋಜಿಗೆ ಹೋಗದ ನನಗೆ ನನ್ನವರು ಅಂತ ಇರುವುದೂ ಅವಳೊಬ್ಬಳೇ. ಆದರೂ ನಾಲ್ಕು ವರ್ಷದಲ್ಲಿ ನಾವು ಮಾತಾಡಿದ್ದು ಬೆರಳಲ್ಲಿ ಎಣಿಸುವಷ್ಟು.

"ಅಣ್ಣ, ಭಾನುವಾರ ಮನೆ ಬದಲಾಯಿಸ್ತಿದ್ದೀನಿ. ಗಾಡಿ ಕೊಡ್ತೀಯಾ?"

"ಕೊಡದೆ ಏನು! ಎಷ್ಟು ಸಾಮಾನಿದೆ?"

"ಒಂದು ಮಂಚ, ಬೀರು, ಫ್ರಿಜ್ಜು, ಐದಾರು ಪೆಟ್ಟಿಗೆ."

"ಒಂದೇ ಸಲಕ್ಕೆ ಮುಗಿಯುತ್ತೆ. ನಾನೇ ಬಂದು..."

"ಬೇಡ ಬೇಡ, ನಾನೇ ಓಡಿಸ್ತೀನಿ. ಬೆಳಗ್ಗೆ ಬಂದು ಕೀ ಈಸ್ಕೋತೀನಿ, ಅಷ್ಟು ಸಾಕು."

ಕೀ ಸಾಕು, ಅಣ್ಣ ಬೇಡ. ಮಾತು ಚುಚ್ಚಿತು. ಆದರೆ ಸಿಟ್ಟು ಮಾಡಿಕೊಳ್ಳುವ ಹಕ್ಕನ್ನು ನಾನು ನಾಲ್ಕು ವರ್ಷದ ಹಿಂದೆಯೇ ಕಳೆದುಕೊಂಡಿದ್ದೆ. ಆಗಲೂ ಅವಳು ಹೀಗೇ ಗಾಡಿ ಕೇಳಿದ್ದಳು. ಗಂಡನ ಮನೆ ಬಿಡುತ್ತಿದ್ದೇನೆ, ನನ್ನ ಸಾಮಾನು ತರಬೇಕು, ಬಾ ಅಂದಿದ್ದಳು. ಎರಡು ದಿನ ತಡವಾದರೆ ಅವಳ ಸಿಟ್ಟು ಇಳಿಯುತ್ತದೆ, ಸಂಸಾರ ಉಳಿಯುತ್ತದೆ ಎಂದು ನಾನು ದೊಡ್ಡ ಮನುಷ್ಯನಂತೆ ಲೆಕ್ಕ ಹಾಕಿದೆ. "ಬ್ರೇಕ್ ಹಿಡೀತಿಲ್ಲಮ್ಮ, ಗಾಡಿ ಮೆಕ್ಯಾನಿಕ್ ಹತ್ರ ಬಿಟ್ಟಿದ್ದೀನಿ" ಅಂದೆ. ಹಾಗನ್ನುವಾಗ ಗಾಡಿ ನನ್ನ ಕಿಟಕಿಯ ಕೆಳಗೇ ನಿಂತಿತ್ತು. ಅವಳು "ಆಯ್ತು ಅಣ್ಣ" ಅಂದಳು. ಎರಡು ಚೀಲ ಹಿಡಿದುಕೊಂಡು ಅದೇ ದಿನ ಹೊರಬಿದ್ದಳು. ನಾನು ಅದೇ ದಿನ ಮಧ್ಯಾಹ್ನ ಯಾರದೋ ಮನೆಗೆ ಒಂದು ನಿಲುವುಗನ್ನಡಿ ತಲುಪಿಸಿ ಬಂದೆ.

ನನ್ನ ಸುಳ್ಳು ಅವಳಿಗೆ ಗೊತ್ತಾಯಿತೋ ಇಲ್ಲವೋ ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ. ಅವಳು ಕೇಳಲಿಲ್ಲ. ಕೇಳಿಬಿಟ್ಟಾಳೆಂಬ ಅಂಜಿಕೆಗೆ ನಾನು ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಹಾಗಾಗಿ ಗಾಡಿ ಕೊಡುತ್ತೀಯಾ ಅಂತ ಅವಳೇ ಕೇಳಿದಾಗ, ಈ ಸಲ ಏನೇ ಆಗಲಿ ಕೊಟ್ಟೇ ತೀರಬೇಕು ಎಂದು ನಿರ್ಧರಿಸಿದ್ದೆ.

ಶನಿವಾರ ಬೆಳಗ್ಗೆ ಗಾಡಿ ತೊಳೆದೆ. ಪಕ್ಕದ ಸೀಟಿನ ಮೇಲೆ ಕೈಗವಸು, ಅಂಟುಪಟ್ಟಿ, ಹಗ್ಗದ ಸುರುಳಿ, ವರ್ಷಗಳ ಅಳತೆ ಚೀಟಿ ಎಲ್ಲ ರಾಶಿ ಬಿದ್ದಿದ್ದವು. ಅದನ್ನೆಲ್ಲ ಎತ್ತಿದರೆ ಕೆಳಗೆ ಸೀಟು ಹೊಸದರಂತೆ ಹೊಳೆಯುತ್ತಿತ್ತು. ನನ್ನ ಸೀಟು ಹರಿದು ಸ್ಪಂಜು ಹೊರಬಂದಿತ್ತು. ಒಂದೇ ಗಾಡಿಯ ಎರಡು ಸೀಟು ಅಂದರೆ ಯಾರೂ ನಂಬುತ್ತಿರಲಿಲ್ಲ.

ಹಿಂದಿನ ಎಡ ಟೈರು ಸ್ವಲ್ಪ ಸವೆದಂತೆ ಕಂಡಿತು. ತಂಗಿ ಓಡಿಸುವ ಗಾಡಿ, ಒಳ್ಳೆಯ ಟೈರು ಹಾಕೋಣ ಎಂದು ಜಾಕಿ ಕೊಟ್ಟು ಚಕ್ರ ಎತ್ತಿದೆ. ಕೈಯಲ್ಲಿ ತಿರುಗಿಸಿದರೆ ಕರ್‌ ಕರ್‌ ಎಂಬ ಸದ್ದು. ಈ ಸದ್ದು ನನಗೆ ಹೊಸದಲ್ಲ. ಗಾಜಿನ ಚೌಕಟ್ಟು ಉಜ್ಜುವ ಸದ್ದು ಅಂದುಕೊಂಡು ಅದೆಷ್ಟೋ ಸಲ ಚೌಕಟ್ಟಿಗೆ ಚಿಂದಿಬಟ್ಟೆ ಸುತ್ತಿದ್ದೆ. ಈಗ ಚೌಕಟ್ಟು ಸುಮ್ಮನಿತ್ತು, ಚಕ್ರ ಮಾತ್ರ ಕೂಗುತ್ತಿತ್ತು.

ಚಕ್ರ ಬಿಚ್ಚಿದೆ. ಬ್ರೇಕಿನ ಡ್ರಮ್ಮು, ಅಂದರೆ ಚಕ್ರದ ಹಿಂದಿರುವ ಆ ಕಬ್ಬಿಣದ ಬೋಗುಣಿ, ಜಪ್ಪಯ್ಯ ಅಂದರೂ ಹೊರಬರಲಿಲ್ಲ. ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲಿಸಿ, ಸುತ್ತಲೂ ಸುತ್ತಿಗೆಯಿಂದ ತಟ್ಟಿ, ಬಾಯಿಗೆ ಬಂದಂತೆ ಬೈದ ಮೇಲೆ ಕಳಚಿಕೊಂಡಿತು. ಕಪ್ಪು ಪುಡಿ ಚಪ್ಪಲಿಯ ಮೇಲೆ ಸುರಿಯಿತು. ಒಳಗೆ ನೋಡಿದೆ.

ಡ್ರಮ್ಮಿನ ಒಳಮೈಗೆ ಒತ್ತಿ ಗಾಡಿ ನಿಲ್ಲಿಸಬೇಕಾದ ಎರಡು ಶೂಗಳ ಮೇಲೆ ಲೈನಿಂಗಿನ ಪದರ ಎಂಬುದೇ ಉಳಿದಿರಲಿಲ್ಲ. ಒಂದರ ತುದಿಯಲ್ಲಿ ಉಗುರಿನಷ್ಟು ಇತ್ತು. ಉಳಿದಲ್ಲೆಲ್ಲ ಬರೀ ಕಬ್ಬಿಣ. ಕಬ್ಬಿಣ ಕಬ್ಬಿಣವನ್ನು ತಿಂದು ಡ್ರಮ್ಮಿನ ಒಳಗೆ ಬೆರಳು ಕೂರುವಷ್ಟು ಆಳದ ಗೆರೆಗಳಾಗಿದ್ದವು.

ಮೆಕ್ಯಾನಿಕ್ಕನ್ನು ಕರೆದೆ. ಪಕ್ಕದ ಬೀದಿಯವನು, ಎಲ್ಲದಕ್ಕೂ ಗೊಣಗುವುದರಿಂದ ಗೊಣಗಪ್ಪ ಎಂದೇ ಹೆಸರು. ಬಂದು ಕುಕ್ಕರಗಾಲಲ್ಲಿ ಕೂತು ನೋಡಿದ. ಗೊಣಗಲಿಲ್ಲ. ಅದರಿಂದ ನನಗೆ ಇನ್ನೂ ಭಯವಾಯಿತು.

"ಪೆಡಲ್ ಕೆಳಗೆ ಹೋಗ್ತಿರ್ಲಿಲ್ವಾ?" ಅಂದ.

"ಎರಡನೇ ಸಲ ಒತ್ತಿದ್ರೆ ಹಿಡೀತಿತ್ತು."

"ಹ್ಯಾಂಡ್‌ಬ್ರೇಕು?"

"ಸಡಿಲ ಆದಾಗೆಲ್ಲ ಕೇಬಲ್ ಒಂದು ಸುತ್ತು ಬಿಗೀತಿದ್ದೆ."

"ಅದೇ ಮತ್ತೆ. ಶೂ ಸವೀತಾ ಹೋಯ್ತು, ನೀನು ಕೇಬಲ್ ಬಿಗೀತಾ ಹೋದೆ. ರೋಗ ಮುಚ್ಚಿಟ್ಟೆ." ಶೂಗಳನ್ನು ತಳ್ಳುವ ಸಿಲಿಂಡರಿನ ಪಕ್ಕದ ಒದ್ದೆಯನ್ನು ಬೆರಳಲ್ಲಿ ಒರೆಸಿ ತೋರಿಸಿದ. "ನೋಡಿಲ್ಲಿ, ಎಣ್ಣೆ ಒಸರ್ತಿದೆ. ಯಾರಾದ್ರೂ ಒಂದೇ ಸಲ ಜೋರಾಗಿ ಒತ್ತಿದ್ರೆ ಮುಗೀತು, ಎಣ್ಣೆ ಎಲ್ಲ ಹೊರಗೆ, ಪೆಡಲ್ ನೆಲಕ್ಕೆ. ಅಲ್ಲಾ ಮಾರಾಯ, ಇಷ್ಟು ವರ್ಷ ನಿನ್ನ ಪಕ್ಕ ಯಾರೂ ಕೂರ್ಲಿಲ್ವಾ? ಕೂತಿದ್ರೆ ಕಿರುಚ್ಕೊಂಡಿರೋರು."

ಯಾರೂ ಕೂತಿರಲಿಲ್ಲ. ಯಾರಿಗೂ ಸ್ಟಿಯರಿಂಗ್ ಕೊಟ್ಟಿರಲಿಲ್ಲ. ಗಾಡಿ ಕೆಡುತ್ತಾ ಬಂದಂತೆ ನನ್ನ ಕಾಲೂ ಅದಕ್ಕೆ ಹೊಂದಿಕೊಳ್ಳುತ್ತಾ ಬಂತು, ಅದನ್ನೇ ನಾನು ಕಸುಬು ಅಂದುಕೊಂಡೆ. ಒಬ್ಬನೇ ಇರುವವನಿಗೆ ತನ್ನ ಕೆಡುಕು ತಿಳಿಯುವುದು ಇಷ್ಟು ತಡವಾಗಿ. ತಂಗಿ ಎಲ್ಲರಂತೆ ಒಂದೇ ಸಲ ಒತ್ತುವವಳು. ಹಿಂದೆ ಬೀರು, ಫ್ರಿಜ್ಜು, ಮುಂದೆ ಇಳಿಜಾರು.

"ನಾಳೆ ಬೆಳಗಿನ ಹೊತ್ತಿಗೆ ಆಗುತ್ತಾ?"

"ಈ ಹಳೇ ಮಾಡೆಲ್‌ದು ಶೂ ಸಿಗೋದೇ ಕಷ್ಟ. ಡ್ರಮ್ಮೂ ಬೇಕು. ಬುಧವಾರ ಅನ್ಕೋ."

ಮಧ್ಯಾಹ್ನದವರೆಗೆ ಫೋನು ಕೈಯಲ್ಲಿ ಹಿಡಿದು ಕೂತಿದ್ದೆ. ನಿಜ ಹೇಳಬೇಕಿತ್ತು, ಆದರೆ ಆ ನಿಜಕ್ಕೆ ನನ್ನ ಹಳೆಯ ಸುಳ್ಳಿನದೇ ಮಾತು. ಬೇರೆ ಯಾವ ರೀತಿ ಹೇಳಲಿ ಎಂದು ತಲೆ ಕೆರೆದುಕೊಂಡೆ. ಕೊನೆಗೆ ಬಾಯಿಗೆ ಬಂದದ್ದು ಅದೇ.

"ಬ್ರೇಕ್ ಹಿಡೀತಿಲ್ಲಮ್ಮ..."

"ಆಯ್ತು ಅಣ್ಣ" ಅಂದಳು.

"ಇಲ್ಲ, ಈ ಸಲ ನಿಜವಾಗ್ಲೂ..." ಎನ್ನುವಷ್ಟರಲ್ಲಿ ಫೋನು ಇಟ್ಟಿದ್ದಳು. 'ಈ ಸಲ' ಅಂದುಬಿಟ್ಟೆನಲ್ಲ, ಅದು ಕೇಳಿಸಿತೋ ಇಲ್ಲವೋ ಎಂದು ಕೈಕೈ ಹಿಸುಕಿಕೊಂಡೆ.

ಭಾನುವಾರ ಬೆಳಗ್ಗೆ ಸವೆದ ಎರಡು ಶೂಗಳನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕಂಕುಳಲ್ಲಿ ಕಬ್ಬಿಣ ಇಟ್ಟುಕೊಂಡು ತಂಗಿಗೆ ಸಾಕ್ಷಿ ಒಪ್ಪಿಸಲು ಹೊರಟ ಅಣ್ಣ ಲೋಕದಲ್ಲಿ ನಾನೊಬ್ಬನೇ ಇರಬೇಕು. ಮನೆ ಹುಡುಕಲು ಇಬ್ಬರನ್ನು ಕೇಳಬೇಕಾಯಿತು.

ಮನೆ ಮುಂದೆ ಒಂದು ಬಾಡಿಗೆ ಗಾಡಿ ನಿಂತಿತ್ತು. ಮಂಚ, ಬೀರು ಆಗಲೇ ಏರಿದ್ದವು. ಪೆಟ್ಟಿಗೆ ಹಿಡಿದು ಹೊರಬಂದ ತಂಗಿ ನನ್ನನ್ನು ಕಂಡು ನಿಂತಳು. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು.

"ಇಷ್ಟು ಬೇಗ ಬೇರೆ ಗಾಡಿ ಸಿಕ್ತಾ?" ಅಂದೆ.

"ಗುರುವಾರಾನೇ ಹೇಳಿಟ್ಟಿದ್ದೆ."

ಗುರುವಾರ ನಾನು ಕೊಡುತ್ತೇನೆ ಅಂದಿದ್ದೆ. ಅಂದ ಮೇಲೂ ಹೇಳಿಟ್ಟಿದ್ದಳು. ಪೊಟ್ಟಣ ಬಿಚ್ಚಿ ಅವಳ ಮುಂದೆ ಹಿಡಿದೆ.

"ಬ್ರೇಕ್ ಶೂ. ನೋಡು, ಪೂರ್ತಿ ಸವೆದಿದೆ. ನಾನು ಸುಳ್ಳು ಹೇಳ್ತಿಲ್ಲ."

ಪೆಟ್ಟಿಗೆ ಕೆಳಗಿಟ್ಟು ಒಂದನ್ನು ಕೈಗೆತ್ತಿಕೊಂಡಳು. ಕಬ್ಬಿಣದ ಮೇಲೆ ಹೆಬ್ಬೆರಳು ಆಡಿಸಿದಳು.

"ಇಷ್ಟು ಸವೆಯೋಕೆ ಎಷ್ಟು ದಿನ ಬೇಕು?"

"ದಿನ ಎಲ್ಲಿ, ವರ್ಷಗಟ್ಟಲೆ ಆಗುತ್ತೆ."

"ಹಾಗಾದ್ರೆ ಅವತ್ತೂ ಇದೇ ಆಗಿತ್ತಾ, ಅಣ್ಣ?"

ತಲೆಯೆತ್ತಿ ನೋಡಿದಳು. ಚಿಕ್ಕವಳಿದ್ದಾಗ ಏನಾದರೂ ಬೇಕಾದಾಗ ನೋಡುತ್ತಿದ್ದ ಹಾಗೇ ನೋಡಿದಳು. "ಎಲ್ಲರ ಹತ್ರಾನೂ ಹಾಗೇ ಹೇಳ್ಕೊಂಡು ಬಂದಿದ್ದೀನಿ. ಅಣ್ಣ ಬರ್ತಿದ್ದ, ಪಾಪ, ಗಾಡಿ ಕೆಟ್ಟಿತ್ತು ಅಂತ. ನಿಜ ತಾನೇ?"

ಅವಳಿಗೆ ಗೊತ್ತಿರಲಿಲ್ಲ. ಅನುಮಾನವಿತ್ತು, ಅದರ ಜೊತೆಗೆ ಒಂದು ಆಸೆಯೂ ಇತ್ತು. ಆ ಆಸೆ ನಿಜ ಮಾಡುವ ಕಬ್ಬಿಣ ಅವಳ ಕೈಯಲ್ಲೇ ಇತ್ತು. ಹೂಂ ಅಂದರೆ ಸಾಕಿತ್ತು. ನಾಲ್ಕು ವರ್ಷ ಒಂದು ಅಕ್ಷರದಲ್ಲಿ ತೊಳೆದುಹೋಗುತ್ತಿತ್ತು, ನನಗೆ ತಂಗಿ ಸಿಗುತ್ತಿದ್ದಳು. ಹೂಂ ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಅವಳ ಆ ಮುಖ ನೋಡಿಕೊಂಡು ಇನ್ನೊಮ್ಮೆ ಸುಳ್ಳಾಡಲು ನನ್ನಿಂದ ಆಗಲಿಲ್ಲ.

"ಇಲ್ಲಮ್ಮ. ಅವತ್ತು ಗಾಡಿ ಓಡ್ತಿತ್ತು. ಮನೆ ಮುಂದೇನೇ ನಿಂತಿತ್ತು. ನೀನು ಗಂಡನ ಮನೇಲೇ ಉಳೀಲಿ ಅಂತ ಸುಳ್ಳು ಹೇಳ್ದೆ."

ಅವಳು ಶೂವನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿ, ಅಂಚು ಮಡಿಸಿ, ನನ್ನ ಕೈಗೆ ಕೊಟ್ಟಳು. "ಕೈಯೆಲ್ಲ ಮಸಿ ಆಯ್ತು" ಎಂದು ಒಳಗೆ ಹೋದಳು. ನಲ್ಲಿಯ ಸದ್ದು ತುಂಬಾ ಹೊತ್ತು ಕೇಳಿಸಿತು. ಅಷ್ಟು ಮಸಿ ಆಗಿರಲಿಲ್ಲ.

"ಯಜಮಾನ್ರೇ, ಸುಮ್ನೆ ನಿಂತಿದ್ದೀರಲ್ಲ, ಆ ಕಡೆ ಹಿಡ್ಕೊಳ್ಳಿ" ಎಂದ ಬಾಡಿಗೆ ಗಾಡಿಯ ಡ್ರೈವರು. ಇಬ್ಬರೂ ಸೇರಿ ಫ್ರಿಜ್ಜು ಏರಿಸಿದೆವು. ಹಗ್ಗ ನಾನೇ ಕಟ್ಟಿದೆ. ಗಾಜಿಗೆ ಕಟ್ಟುವ ಗಂಟೇ ಹಾಕಿದೆ. ತಂಗಿ ಮುಖ ತೊಳೆದುಕೊಂಡು ಬಂದು, ಎದುರು ಮನೆಯ ಓನರಮ್ಮನಿಗೆ ಬೀಗದ ಕೈ ಕೊಟ್ಟು, ಡ್ರೈವರಿನ ಪಕ್ಕ ಹತ್ತಿ ಕೂತಳು. ಅಲ್ಲಿ ಇಬ್ಬರಿಗಷ್ಟೇ ಜಾಗ.

"ಬ್ರೇಕ್ ಸರಿ ಮಾಡಿಸ್ಕೋ ಅಣ್ಣ. ಒಬ್ಬನೇ ಓಡಾಡ್ತೀಯ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಬುಧವಾರ ಆಗುತ್ತೆ" ಅಂದೆ. ಗಾಡಿ ಹೊರಟಿತು. ತಿರುವಿನಲ್ಲಿ ಅದರ ಬ್ರೇಕು ಒಂದೇ ಸಲಕ್ಕೆ ಹಿಡಿದದ್ದು ನೋಡಿ ಸಮಾಧಾನವಾಯಿತು.

ಓನರಮ್ಮ ಬಾಗಿಲಿಗೆ ಬೀಗ ಹಾಕಿ ನನ್ನ ಕಡೆ ತಿರುಗಿದರು.

"ನೀವು ಅವರ ಅಣ್ಣ ಅಲ್ವಾ? ಒಳ್ಳೇದಾಯ್ತು ಬಿಡಿ. ಅವರ ಹೆಸರಿಗೆ ಕಾಗದ ಬಂದ್ರೆ ಕಳಿಸ್ಬೇಕಲ್ಲ, ಹೊಸ ಮನೆ ಎಲ್ಲಿ ಹೇಳಿ?"

ಗುರುವಾರ ಸಾಮಾನು ಎಷ್ಟು ಅಂತ ಕೇಳಿದ್ದೆ. ಎಲ್ಲಿಗೆ ಅಂತ ಕೇಳಿರಲಿಲ್ಲ. ಇವತ್ತೂ ಕೇಳಿರಲಿಲ್ಲ. ಅವರು ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದರು.

"ನಂಗೆ ಗೊತ್ತಿಲ್ಲಮ್ಮ" ಅಂದೆ.