ಕುಂತಿಬೆಟ್ಟದಲ್ಲಿ ಹೆಣ್ಣು ನೋಡಿದ್ದು

ರಮ್ಯಳಿಗೆ ನಾಚಿಕೆ ಇರಲಿಲ್ಲ. ಇದು ಬೆಳಗೊಳದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಲು ಶೀತಲ ಕೇಂದ್ರದಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಕ್ಯಾನು ಹೊತ್ತು ಬಂದ ಗಂಡಸರ ಎದುರಿಗೇ ಲ್ಯಾಕ್ಟೋಮೀಟರು ಮುಳುಗಿಸಿ, "ನೀರು ಅಸೂಗೆ ಕುಡುಸ್ಬೇಕು ಕನಣ್ಣಾ, ಆಲಿಗಲ್ಲ" ಎನ್ನುತ್ತಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ನಿಂತಾಗಲೂ ತಲೆ ತಗ್ಗಿಸುತ್ತಿರಲಿಲ್ಲ. ಬಂದವರನ್ನೇ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ನೋಡಿಸಿಕೊಂಡವರು ಊರಿಗೆ ಹೋಗಿ ಜಾತಕ ಕೂಡಲಿಲ್ಲ ಎಂದು ಹೇಳಿಕಳಿಸುತ್ತಿದ್ದರು.

ಅವಳಪ್ಪ ಸಿದ್ದರಾಜುವಿನ ಪ್ರಕಾರ ಇದಕ್ಕೆಲ್ಲ ಕಾರಣ ಗಂಜಾಮಿನ ಸುಬ್ಬಣ್ಣ ಮೇಷ್ಟ್ರು. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಭಾನುವಾರ ಬಂತೆಂದರೆ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಚಿಟ್ಟೆ ನೋಡಲು ಹೊರಡುತ್ತಿದ್ದರು. ಒಂದು ವಾರ ಕರಿಘಟ್ಟ, ಒಂದು ವಾರ ಮೇಲುಕೋಟೆ, ಒಂದು ವಾರ ಪಾಂಡವಪುರದ ಕುಂತಿಬೆಟ್ಟ. ಮಳೆ ಚೆನ್ನಾಗಿ ಆದ ವರ್ಷ ನಾಗಮಂಗಲದ ಕಡೆಗೂ ಹೋಗುವುದಿತ್ತು. ಹೋಗುತ್ತಿದ್ದದ್ದು ಗುಡಿಗಳಿಗಲ್ಲ, ಸುತ್ತಲಿನ ಅರಣ್ಯ ಇಲಾಖೆಯ ಕುರುಚಲು ಕಾಡಿಗೆ. ದನ ಮೇಯಿಸುವವರು, ಸೌದೆಗೆ ಬರುವವರು ಬಿಟ್ಟರೆ ಅಲ್ಲಿಗೆ ಬೇರೆ ಯಾರೂ ಹೋಗುತ್ತಿರಲಿಲ್ಲ. ಮೇಷ್ಟ್ರ ಹತ್ತಿರ ಇದ್ದ ಪುಸ್ತಕದಲ್ಲಿ ಚಿಟ್ಟೆಗಳ ಹೆಸರು ಇಂಗ್ಲಿಷಿನಲ್ಲಿದ್ದವು. ಅವು ಬಾಯಿಗೆ ಹತ್ತದೆ ಗುಂಪಿನವರೇ ಹೆಸರಿಟ್ಟುಕೊಂಡಿದ್ದರು. ಹಳದಿಯದು ನಿಂಬೆಹಣ್ಣು. ಕೆಂಪು ಅಂಚಿನದು ಮದುವಣಗಿತ್ತಿ. ರೆಕ್ಕೆಯ ಮೇಲೆ ಕಣ್ಣು ಬರೆದಂತಿದ್ದದ್ದು ಪೊಲೀಸಿನವನು. ಈ ಕೊನೆಯ ಹೆಸರನ್ನು ಇಟ್ಟವಳು ಗುಂಪಿನಲ್ಲಿದ್ದ ರಮ್ಯ.

ಮೂರನೆಯ ಸಂಬಂಧ ಮುರಿದದ್ದು ನೇರವಾಗಿ ಚಿಟ್ಟೆಯಿಂದಲೇ. ಗಂಡಿನವರು ಭಾನುವಾರ ಹನ್ನೊಂದಕ್ಕೆ ಬಂದು ಕೂತಿದ್ದರು. ಇವಳು ಕರಿಘಟ್ಟದಿಂದ ಹನ್ನೆರಡಕ್ಕೆ ಬಂದಳು, ಸೀರೆಯ ತುಂಬ ಉತ್ರಾಣಿ ಬೀಜ ಅಂಟಿಸಿಕೊಂಡು. ಬಂದವಳೇ ಗಂಡನ್ನು ಕೇಳಿದಳು, ಮದುವೆಯಾದ ಮೇಲೂ ಭಾನುವಾರ ಹೋಗಬಹುದಾ ಎಂದು. ಅವನು ನಕ್ಕು, "ಆಮೇಲ್ ನೋಡನ" ಎಂದ.

"ಆಮೇಲ್ ನೋಡನ ಅಂದ್ರೆ ಇಲ್ಲ ಅಂತ" ಎಂದು ಅವರು ಹೋದ ಮೇಲೆ ರಮ್ಯ ಅಪ್ಪನಿಗೆ ಹೇಳಿದಳು. "ನಂಗೆ ಈ ಗಂಡು ಬೇಡ."

ಸಿದ್ದರಾಜು ಕೂಗಾಡಲಿಲ್ಲ. ಕೂಗಾಡುವುದನ್ನು ಎರಡನೆಯ ಗಂಡಿಗೇ ಮುಗಿಸಿದ್ದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಹೇಳಿದ: "ಇನ್ನೊಂದು ಸಲ ನೋಡ್ತೀನಿ ಕನವ್ವ. ಬೂಕನಕೆರೆದು ಒಂದು ಬಂದದೆ. ಅದೂ ನಿನ್ ಉಳದ ದೆಸೆಯಿಂದ ಮುರೀತು ಅಂದ್ರೆ, ಬೆಟ್ಟ ಗಿಟ್ಟ ಎಲ್ಲ ಬಂದ್. ಭಾನುವಾರ ಮನೇಲೇ ಕೂತ್ಕೊ. ಮಾತು ಅಂದ್ರೆ ಮಾತು."

ಅಪ್ಪ ಆಡಿದ ಮಾತು ತಪ್ಪುವವನಲ್ಲ. ಅದೇ ಅವನ ದೊಡ್ಡ ತೊಂದರೆ. ಮೂರು ವರ್ಷದಿಂದ ಒಂದು ಭಾನುವಾರವನ್ನೂ ಬಿಡದವಳು ರಮ್ಯ. ಯೋಚಿಸಿ ಹೇಳಿದಳು, "ಅಂಗಾದ್ರೆ ಅವರೇ ಅಲ್ಲಿಗೆ ಬರ್ಲಿ. ಈ ಭಾನುವಾರ ಕುಂತಿಬೆಟ್ಟ. ನಾನು ಏನು ಅಂತ ನೋಡ್ಕೊಂಡೇ ಒಪ್ಲಿ, ಇಲ್ಲಾ ಬುಡ್ಲಿ."

ಅವರು ಒಪ್ಪುವುದಿಲ್ಲ ಎಂದುಕೊಂಡೇ ಸಿದ್ದರಾಜು ಹೇಳಿಕಳಿಸಿದ. ಅವರು ಮರುದಿನವೇ ಒಪ್ಪಿ ಹೇಳಿಕಳಿಸಿದರು. ಹೆಣ್ಣನ್ನು ಮನೆಯಲ್ಲಿ ತೋರಿಸದೆ ದೇವಸ್ಥಾನದಲ್ಲಿ ತೋರಿಸುವುದು ಈ ಕಡೆ ಇದ್ದದ್ದೇ. ಒಪ್ಪದಿದ್ದರೆ ಇಬ್ಬರ ಮಾನವೂ ಉಳಿಯುತ್ತದೆ. ಬೆಟ್ಟ ಎಂದ ಮೇಲೆ ಅಲ್ಲೊಂದು ದೇವರಿರಲೇಬೇಕು, ದೇವರೆಂದ ಮೇಲೆ ಒಬ್ಬಿಬ್ಬರು ಹೋದರೆ ಚೆನ್ನಾಗಿರುವುದಿಲ್ಲ, ಎಂದು ಬೂಕನಕೆರೆಯವರು ಲೆಕ್ಕ ಹಾಕಿದರು.

ಅದು ತೊಂಬತ್ತಾರರ ನವೆಂಬರು. ವಾರದ ಹಿಂದಿನವರೆಗೂ ಮಳೆ ಹಿಡಿದಿತ್ತು. ಅಂದು ಬಿಸಿಲು ಬಿದ್ದು, ಬೆಟ್ಟದ ಬುಡದ ತಂಗಡಿ ಗಿಡಗಳೆಲ್ಲ ಹೂವಿನಿಂದ ಹಳದಿಯಾಗಿದ್ದವು. ಸುಬ್ಬಣ್ಣ ಮೇಷ್ಟ್ರು ಎಂಟೂವರೆಗೆ ತಮ್ಮ ಗುಂಪನ್ನು ಸಾಲಾಗಿ ನಿಲ್ಲಿಸಿಕೊಂಡು, ಹೊಸಬರು ಯಾರೂ ಇಲ್ಲದಿದ್ದರೂ ನಿಯಮ ಹೇಳುತ್ತಿದ್ದರು. ಮಾತಾಡಬಾರದು. ಮುಟ್ಟಬಾರದು. ನೆರಳು ಚಿಟ್ಟೆಯ ಮೇಲೆ ಬೀಳಬಾರದು. ಸಿದ್ದರಾಜು ಇಸ್ತ್ರಿ ಮಾಡಿದ ಪಂಚೆಯಲ್ಲಿ ಒಂದು ಬಂಡೆಯ ಪಕ್ಕ ನಿಂತು, ತಾನು ಈ ಗುಂಪಿನವನಲ್ಲ ಎಂದು ತೋರಿಸಿಕೊಳ್ಳುತ್ತಿದ್ದ.

ಆಗ ಟ್ರಾಕ್ಟರಿನ ಸದ್ದು ಕೇಳಿಸಿತು.

ಟ್ರೇಲರಿನಲ್ಲಿ ಜಮಖಾನ ಹಾಸಿ ಇಪ್ಪತ್ತಕ್ಕೂ ಹೆಚ್ಚು ಜನ ಕೂತಿದ್ದರು. ಚಿಕ್ಕಮ್ಮಂದಿರು, ಅತ್ತಿಗೆಯರು, ಮಡಿಲ ಕೂಸುಗಳು, ರೇಷ್ಮೆ ಸೀರೆಗಳು, ಎರಡು ದೊಡ್ಡ ಡಬರಿ. ಮೊದಲು ಇಳಿದವಳು ಗಂಡಿನ ತಾಯಿ ಚಿಕ್ಕಬೋರಮ್ಮ. ಅಗಲವಾದ ಹೆಂಗಸು, ಕೈಯಲ್ಲಿ ಹಣ್ಣುಕಾಯಿಯ ತಟ್ಟೆ. ಆಮೇಲೆ ಅವಳ ತಮ್ಮ ಮರಿಸ್ವಾಮಿ, ಗಂಡಿನ ಸೋದರಮಾವ. ಕೊನೆಗೆ ಚಾಲಕನ ಸೀಟಿನಿಂದ ಗಂಡು ಲೋಕೇಶ್ ಇಳಿದ. ತಾನು ಮದುವೆಯಾಗುವ ಹೆಣ್ಣನ್ನು ನೋಡಲು ತಾನೇ ಟ್ರಾಕ್ಟರು ಓಡಿಸಿಕೊಂಡು ಬಂದಿದ್ದ. ಕಿವಿ ಸ್ವಲ್ಪ ದೊಡ್ಡದು ಎಂದು ರಮ್ಯ ನೋಡಿಕೊಂಡಳು.

"ಏನ್ರೀ ಇದು?" ಸುಬ್ಬಣ್ಣ ಮೇಷ್ಟ್ರ ಧ್ವನಿ ಕೀರಲಾಯಿತು. "ಇಷ್ಟು ಜನ ಒಳಗೆ ಹೋದ್ರೆ ಚಿಟ್ಟೆ ಇರಲಿ, ಕಲ್ಲೂ ಹಾರಿಹೋಗತ್ತೆ!"

"ಗುಡಿ ಎಲ್ಲದೆ ಸಾಮಿ?" ಎಂದಳು ಚಿಕ್ಕಬೋರಮ್ಮ.

"ಗುಡಿಗಲ್ಲಮ್ಮ, ನಾವು ಹೋಗ್ತಿರೋದು ಕಾಡಿಗೆ. ಚಿಟ್ಟೆ ನೋಡೋಕೆ."

ಚಿಕ್ಕಬೋರಮ್ಮ ಮೇಷ್ಟ್ರನ್ನು ನೋಡಿದಳು, ಅವರ ಕುತ್ತಿಗೆಯ ದುರ್ಬೀನು ನೋಡಿದಳು, ಆಮೇಲೆ ತಮ್ಮನ ಕಡೆ ತಿರುಗಿದಳು. "ಲೇ ಮರಿಸ್ವಾಮಿ, ಏನ್ಲಾ ಕೇಳಿಸ್ಕೊಂಡ್ ಬಂದೆ ನೀನು?"

"ಬೆಟ್ಟ ಅಂದ್ರು, ಬಂದೆ. ಉಳ ಅಂತ ಯಾರ್ ಯೋಳಿದ್ರು?"

ಸದ್ದು ಕೇಳಿ ಬಂದ ಅರಣ್ಯ ಇಲಾಖೆಯ ಗಾರ್ಡು ನಾಗರಾಜು, ಅಡುಗೆ ಡಬರಿ ಒಳಗೆ ಹೋಗುವಂತಿಲ್ಲ, ಜನ ಬೇಕಾದರೆ ಹೋಗಲಿ ಎಂದ. ಮೇಷ್ಟ್ರು ಕಣ್ಣು ಮುಚ್ಚಿ ತೆರೆದು, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಬಾಯಿ ಮುಚ್ಚಿಕೊಂಡು ಬರಬೇಕು ಎಂದರು.

"ಉಸ್ರು ಬುಡಬೋದಾ?" ಎಂದು ಚಿಕ್ಕಬೋರಮ್ಮ ಕೇಳಿದಳು. ಟ್ರೇಲರಿನ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಹತ್ತಿರದ ಲಂಟಾನ ಪೊದೆಯ ಮೇಲಿದ್ದ ನಾಲ್ಕು ನಿಂಬೆಹಣ್ಣು ಎದ್ದು ಹಾರಿಹೋದವು.

ಮೊದಲ ಒಂದು ಗಂಟೆ ಏನೂ ಕಾಣಿಸಲಿಲ್ಲ. ಬಳೆ ಸದ್ದು, ಕೂಸಿನ ಅಳು, ಯಾರದೋ ಸೆರಗು ಮುಳ್ಳಿಗೆ ಸಿಕ್ಕಿ ಪರ್ ಎಂದದ್ದು. ಅತ್ತಿಗೆಯೊಬ್ಬಳ ಒಂದು ಚಪ್ಪಲಿ ಕೆಸರಿನಲ್ಲಿ ಹೂತು ಸಿಗಲೇ ಇಲ್ಲ. ಉಳಿದ ಇನ್ನೊಂದನ್ನು ಲೋಕೇಶ್ ಕೈಯಲ್ಲಿ ಹಿಡಿದುಕೊಂಡು ನಡೆದ. ರಮ್ಯ ಮುಂದಿದ್ದಳು, ಅವಳ ಹಿಂದೆಯೇ ಚಿಕ್ಕಬೋರಮ್ಮ. ಪಿಸುಮಾತಿನಲ್ಲಿ ವಿಚಾರಣೆ ನಡೆಯಿತು.

"ಮುದ್ದೆ ತೊಳಸೋಕೆ ಬತ್ತದಾ?"

"ಬತ್ತದೆ. ಗಂಟಾಯ್ತದೆ."

"ಎಮ್ಮೆ ಕರಿಯೋಕೆ?"

"ಅದು ಚೆನ್ನಾಗ್ ಬತ್ತದೆ."

"ನಗೋದೊಂದು ಬರಲ್ವೇನೋ."

 ನಗುವಂಥದ್ದೇನೂ ರಮ್ಯಳಿಗೆ ಕಾಣುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಅಪ್ಪ ಮುಖ ಗಂಟಿಕ್ಕಿಕೊಂಡು ಬರುತ್ತಿದ್ದ. ಇವರೆಲ್ಲ ಬಿಸಿಲಿನಲ್ಲಿ ಒಂದು ಹುಳವನ್ನೂ ಕಾಣದೆ ಕಾಲು ಸವೆಸಿ, ಹುಡುಗಿಗೆ ತಲೆ ಸರಿಯಿಲ್ಲ ಎಂದು ಹೇಳಿ ಟ್ರಾಕ್ಟರು ಹತ್ತುತ್ತಾರೆ. ಮುಂದಿನ ಭಾನುವಾರ ಮೇಷ್ಟ್ರು ಮೇಲುಕೋಟೆಗೆ ಹೋಗುತ್ತಾರೆ. ತಾನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂರಬೇಕು. ಅವಳಿಗೆ ಗಂಡಿನ ಮೇಲೆ ಸಿಟ್ಟಿರಲಿಲ್ಲ. ಅವನು ಇನ್ನೂ ಒಂದು ಮಾತೂ ಆಡಿರಲಿಲ್ಲ.

ಬೆಟ್ಟದ ಹಿಂದೆ ಒಂದು ಹಳ್ಳ. ಮಳೆ ನೀರು ಸಣ್ಣಗೆ ಹರಿಯುತ್ತಿತ್ತು, ಎರಡೂ ಕಡೆ ಮರಳು. ಹೆಂಗಸರು ನೆರಳಿನಲ್ಲಿ ದೊಪ್ಪನೆ ಕೂತರು. ಮರಿಸ್ವಾಮಿ ಗಂಟಲು ಸರಿಮಾಡಿಕೊಂಡು, ಹಳ್ಳದ ಕೆಳಗೆ ಒಂದು ಬಂಡೆಯ ಮರೆಗೆ ಹೋಗಿ, ಬೆಳಗಿನಿಂದ ಟ್ರಾಕ್ಟರಿನಲ್ಲಿ ತಡೆದುಕೊಂಡಿದ್ದನ್ನು ಮರಳಿನ ಮೇಲೆ ಬಿಟ್ಟು, ಹಗುರಾಗಿ ವಾಪಸು ಬಂದ.

ಎಲ್ಲರೂ ಸುಸ್ತಾಗಿದ್ದರು. ಮೇಷ್ಟ್ರ ನಿಯಮ ಮಾಡಲಾರದ್ದನ್ನು ಸುಸ್ತು ಮಾಡಿತು. ಮಾತು ನಿಂತಿತು, ಕೂಸು ನಿದ್ದೆ ಹೋಯಿತು. ಒಂದಷ್ಟು ಹೊತ್ತಾದ ಮೇಲೆ ಒಂದು ನಿಂಬೆಹಣ್ಣು ಹಳ್ಳದ ಮೇಲೆ ತೇಲುತ್ತ ಬಂದು ಬಂಡೆಯ ಆಚೆ ಇಳಿಯಿತು. ಹಿಂದೆಯೇ ಇನ್ನೊಂದು. ಆಮೇಲೆ ಕಪ್ಪಿನ ನಡುವೆ ನೀಲಿ ಪಟ್ಟಿಯವು, ಜೋರಾಗಿ, ಯಾರೋ ಎಸೆದಂತೆ. ಲೋಕೇಶ್ ಮೊದಲು ಎದ್ದು ನೋಡಿದ. ಕೈಯಲ್ಲಿದ್ದ ಚಪ್ಪಲಿಯನ್ನು ಎತ್ತಿ ಎಲ್ಲರನ್ನೂ ಕರೆದ, ಬಾಯಿ ಬಿಡಲಿಲ್ಲ.

ಬಂಡೆಯ ಆಚೆ ಮರಳು ಕಾಣಿಸುತ್ತಿರಲಿಲ್ಲ. ಹಳದಿ, ಬಿಳಿ, ನೀಲಿ, ಕಪ್ಪು, ನೂರಾರು ಚಿಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು, ರೆಕ್ಕೆ ಮಡಿಸಿ, ಮೂತಿ ಕೆಳಗಿಟ್ಟು ಹೀರುತ್ತಿದ್ದವು. ಮೂರು ವರ್ಷದಲ್ಲಿ ರಮ್ಯ ಇಷ್ಟನ್ನು ಒಂದೇ ಕಡೆ ನೋಡಿರಲಿಲ್ಲ. ಮೇಷ್ಟ್ರೂ ನೋಡಿರಲಿಲ್ಲ, ಅವರು ದುರ್ಬೀನನ್ನು ಕಣ್ಣಿಗೆ ಹಿಡಿಯುವುದನ್ನೇ ಮರೆತು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಿಂತಿದ್ದರು.

"ಏನ್ ಸಾಮಿ ತಿಂತಾವೆ ಅಲ್ಲಿ?" ಚಿಕ್ಕಬೋರಮ್ಮ ಈ ಸಲ ನಿಜವಾಗಿಯೂ ಪಿಸುಗುಟ್ಟಿದಳು.

"ಉಪ್ಪಮ್ಮ. ಹೂವಿನಲ್ಲಿ ಸಿಹಿ ಸಿಗತ್ತೆ, ಉಪ್ಪು ಸಿಗಲ್ಲ. ಅದಕ್ಕೆ ಒದ್ದೆ ಮಣ್ಣಿಗೆ ಬರ್ತವೆ."

"ಇಲ್ಲಿಗೇ ಯಾಕೆ? ಅಲ್ಲೂ ಒದ್ದೆ ಅದಲ್ಲ?"

ಮೇಷ್ಟ್ರು ಪುರೋಹಿತರ ಮನೆಯವರು. ಹೆಂಗಸರ ಮುಂದೆ ಕೆಲವು ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಮರಿಸ್ವಾಮಿಯ ಕಡೆ ಒಮ್ಮೆ ನೋಡಿ, "ಅದು... ಈ ಜಾಗಕ್ಕೆ ಈಗಷ್ಟೇ ಉಪ್ಪು ಬಿದ್ದಿದೆ" ಎಂದರು.

"ಯಾರ್ ತಂದಾಕಿದ್ರು ಉಪ್ಪ?"

"ನಿಮ್ಮ ತಮ್ಮನೇ ಕನಮ್ಮ" ಎಂದಳು ರಮ್ಯ. "ಉಚ್ಚೆ ಉಯ್ದು ಬಂದ್ರಲ್ಲ ಆಗ್ಲೇ."

 ಹಿಂದಿನಿಂದ ಸಿದ್ದರಾಜು ನರಳಿದ್ದು ಕೇಳಿಸಿತು. ಆಮೇಲೆ ಚಿಕ್ಕಬೋರಮ್ಮನ ಹೊಟ್ಟೆ ಕುಲುಕತೊಡಗಿತು. "ಅಯ್ಯೋ ನಿನ್ ಮನೆ ಕಾಯ್ವೋಗ! ಲೇ, ನಿನ್ ಮದ್ವೇಗೂ ಇಷ್ಟು ಜನ ಸೇರಿರ್ಲಿಲ್ವಲ್ಲೋ!"

ಸಾಲಿಗೆ ಸಾಲೇ ನಗುವಿನಲ್ಲಿ ಬಿದ್ದಿತು. ಚಿಟ್ಟೆಗಳು ಒಮ್ಮೆಗೇ ಎದ್ದವು. ರೇಷ್ಮೆ ಸೀರೆಗಳ ನಡುವೆ, ತಲೆಗಳ ಮೇಲೆ, ಸಿದ್ದರಾಜುವಿನ ಇಸ್ತ್ರಿ ಪಂಚೆಯ ಸುತ್ತ ಹಳದಿ ನೀಲಿ ಸುತ್ತಿ, ಯಾರೂ ಓಡಿಸಲಿಲ್ಲವೆಂದು ಗೊತ್ತಾಗಿ ಮತ್ತೆ ಅಲ್ಲೇ ಕೂತವು. ಒಂದು ಮರಿಸ್ವಾಮಿಯ ಮೂಗಿನ ಬೆವರಿನ ಮೇಲೆ ಕೂತಿತು. ಅವನು ಕಣ್ಣನ್ನು ಒಳಗೆ ತಿರುಗಿಸಿ ಅದನ್ನು ನೋಡುತ್ತ, "ಬಡಿಯನಾ ಬೇಡ್ವಾ ಯೋಳ್ರಲಾ" ಎಂದ. ರಮ್ಯ ಹಳ್ಳದ ದಂಡೆಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೆಣ್ಣು ಹಾಗೆ ನಗಬಾರದು ಎಂಬುದು ನೆನಪಾದಾಗ ನಕ್ಕು ಮುಗಿದಿತ್ತು.

ಚಿಕ್ಕಬೋರಮ್ಮ ಅವಳ ಪಕ್ಕದಲ್ಲಿ ಮರಳಿನ ಮೇಲೆ ಕೂತಳು. ಇಬ್ಬರೂ ಬಹಳ ಹೊತ್ತು ಚಿಟ್ಟೆಗಳನ್ನೇ ನೋಡಿದರು.

"ಪ್ರತಿ ಭಾನ್ವಾರ ಇಂಗೇ ಇರ್ತದಾ?"

"ಇಲ್ಲ. ಎಷ್ಟೋ ಸಲ ಏನೂ ಇರಲ್ಲ. ಆದ್ರೂ ಬತ್ತೀನಿ. ಮದ್ವೆ ಆದ್ರೂ ಬತ್ತೀನಿ. ಈಗಲೇ ಯೋಳ್ಬುಡಿ, ಆಯ್ತದಾ ಇಲ್ವಾ."

ಲೋಕೇಶ್ ಚಪ್ಪಲಿಯನ್ನು ಕೆಳಗಿಟ್ಟ. ಅಂದು ಅವನು ಮೊದಲ ಸಲ ಮಾತಾಡಿದ. "ನಾನ್ ಬರಲ್ಲ. ಸುಳ್ಯಾಕೆ. ಒಂದ್ಸಲ ನೋಡೋಕೆ ಚೆನ್ನಾಗದೆ, ವಾರ ವಾರ ನಂಗಾಗಲ್ಲ. ನಿನ್ನ ಬಸ್ಸಿಗೆ ಬುಡ್ತೀನಿ, ಸಂಜೆ ಕರ್ಕೊಂಡೋಯ್ತೀನಿ. ಅಷ್ಟು ಮಾಡ್ಬಲ್ಲೆ."

ಇಷ್ಟು ಸರಿಯಾದ ಉತ್ತರವನ್ನು ರಮ್ಯಳಿಗೆ ಯಾವ ಗಂಡೂ ಕೊಟ್ಟಿರಲಿಲ್ಲ. ಕಿವಿ ಅಷ್ಟೇನೂ ದೊಡ್ಡದಲ್ಲ ಎನ್ನಿಸಿತು.

"ನೀನ್ ಸುಮ್ಕಿರ್ಲಾ, ಯಾಪಾರ ನಂದು" ಎಂದಳು ಅವನ ತಾಯಿ. "ನೋಡವ್ವ, ತಿಂಗ್ಳಿಗೆ ನಾಕು ಭಾನ್ವಾರ. ನಿಂಗೆರಡು, ನಂಗೆರಡು."

"ನಂಗೆ ನಾಕೂ ಬೇಕು."

"ನಾಕೂ ನೀನೇ ತಕ್ಕೊಂಡ್ರೆ ನಾನ್ ಎಲ್ಲಿಗ್ ಓಗ್ಲಿ? ಮೂವತ್ತೊರ್ಷ ಆಯ್ತು ಆ ಅಟ್ಟಿ ಬುಟ್ಟು ಆಚೆ ಬಂದು. ಎಮ್ಮೆ ನನ್ ಕೈಗೆ ಬುಟ್ರೆ ಇವನ್ ಕೈಗೆ ಆಲ್ ಕೊಡಲ್ಲ, ಒದೀತವೆ. ನೀನ್ ಕರೀತೀನಿ ಅಂದ್ಯಲ್ಲ? ತಿಂಗ್ಳಿಗೊಂದು ಭಾನ್ವಾರ ನೀನು ಎಮ್ಮೆ ನೋಡ್ಕೊ. ಅವತ್ತು ನಾನು ನನ್ ಅಕ್ಕನ್ ಮನೆಗೋ ಸಿನಿಮಾಗೋ, ಎಲ್ಲಾರಾ ಓಯ್ತೀನಿ. ಎಲ್ಲಿಗೆ ಅಂತ ಕೇಳಂಗಿಲ್ಲ."

ರಮ್ಯ ಅವಳನ್ನು ನೋಡಿದಳು. ಎಂದಿನಂತೆ ನೇರವಾಗಿ ನೋಡಿದಳು. ಆ ಹೆಂಗಸೂ ಕಣ್ಣು ತಗ್ಗಿಸಲಿಲ್ಲ.

"ಒಂದೇ" ಎಂದಳು ರಮ್ಯ.

"ಒಂದೇ."

ಬೆಟ್ಟದ ಬುಡಕ್ಕೆ ಇಳಿದು, ಟ್ರೇಲರಿನ ನೆರಳಿನಲ್ಲಿ ಎಲ್ಲರೂ ಉಪ್ಪಿಟ್ಟು, ಕೇಸರಿಬಾತು ತಿಂದರು. ಮೇಷ್ಟ್ರ ಗುಂಪಿಗೂ ಬಡಿಸಿದರು. ಸಿದ್ದರಾಜು ಬೂಕನಕೆರೆಯವರೊಂದಿಗೆ ಹಣ್ಣುಕಾಯಿಯ ತಟ್ಟೆ ಬದಲಾಯಿಸಿಕೊಂಡು, ನಡೆದದ್ದನ್ನು ಇನ್ನೂ ನಂಬದವನಂತೆ ಎರಡು ಸಲ ಕೇಸರಿಬಾತು ಹಾಕಿಸಿಕೊಂಡ. ಮರಿಸ್ವಾಮಿಯನ್ನು ಮೇಷ್ಟ್ರು ಪಕ್ಕಕ್ಕೆ ಕರೆದು, ಮುಂದಿನ ವಾರ ಮೇಲುಕೋಟೆಗೆ ಬರುವಿರಾ ಎಂದು ಬಹಳ ಗೌರವದಿಂದ ಕೇಳಿದರು. ಲೋಕೇಶ್ ಟ್ರಾಕ್ಟರು ಸ್ಟಾರ್ಟ್ ಮಾಡುವಾಗ ರಮ್ಯಳ ಕಡೆ ತಿರುಗಿ ನೋಡಿದ. ಅವಳು ಆಗಲೇ ನೋಡುತ್ತಿದ್ದಳು.

ಬೆಳಗೊಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಲೆಕ್ಕ ಹಾಕಿದಳು. ವರ್ಷಕ್ಕೆ ಐವತ್ತೆರಡು ಭಾನುವಾರ. ಹನ್ನೆರಡು ಹೋದವು.